ಸ್ಟೇಷನ್ ಅಮ್ಮನ ಹಲ್ಲಿನ ಕೇಸು

ನನ್ನ ಮೇಲೆ ದೂರು ಬಂದಿದೆ ಎಂದು ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಮೇಣದ ದವಡೆಯಲ್ಲಿ ಹಲ್ಲು ನೆಡುತ್ತಿದ್ದಾಗ. ಕವರು ತಂದುಕೊಟ್ಟ ಗುಮಾಸ್ತರು ನಾನು ಅದನ್ನು ಒಡೆದು ಓದುವವರೆಗೂ ಅಲ್ಲಿಂದ ಕದಲಲಿಲ್ಲ. ಒಳಗೇನಿದೆ ಅಂತ ಅವರಿಗೆ ಗೊತ್ತಿತ್ತು, ಟೈಪು ಮಾಡಿದ್ದೇ ಅವರು. ನನ್ನ ಮುಖ ಹೇಗಾಗುತ್ತದೆ ಅಂತ ನೋಡಬೇಕಿತ್ತು, ಅಷ್ಟೆ. ನಾನು ತುಟಿ ಪಿಟಕ್ಕೆನ್ನದೆ ಓದಿ ಮುಗಿಸಿ, ಕವರನ್ನು ಪ್ಲಾಸ್ಟರ್ ಡಬ್ಬಿಯ ಕೆಳಗಿಟ್ಟು, "ಆಯ್ತಲ್ಲ, ಇನ್ನು ಹೊರಡಿ" ಅಂದೆ. ಪಾಪ, ಬಂದ ದಾರಿಗೆ ಸುಂಕವಿಲ್ಲದೆ ಮೆಟ್ಟಿಲು ಹತ್ತಿ ಹೋದರು.

ನಾನಿರುವುದು ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಮೇಲೆ ಡಾಕ್ಟರು ಹಲ್ಲಿಲ್ಲದವರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಕೆಳಗೆ ನಾನು ಆ ಅಚ್ಚಿಗೆ ತಕ್ಕ ಹಲ್ಲಿನ ಸೆಟ್ಟು ಕಟ್ಟುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎಲ್ಲರೂ ನನ್ನನ್ನು ಹಲ್ಲಕ್ಕ ಅನ್ನುತ್ತಾರೆ. ಮುಂದಿದ್ದಾಗ ಅದು ಗೌರವ, ಹಿಂದೆ ಅಂದರೆ ನನ್ನ ಸಿಟ್ಟಿನ ಬಗ್ಗೆ. ರೋಗಿಗಳ ಮುಖ ನಾನು ನೋಡಿದವಳಲ್ಲ. ನೋಡಿ ಆಗಬೇಕಾದ್ದೇನು? ಮುಖ ನಗುತ್ತದೆ, ಅಳುತ್ತದೆ, ಇಲ್ಲಸಲ್ಲದ್ದು ಹೇಳುತ್ತದೆ. ಅಚ್ಚು ಸುಮ್ಮನೆ ಕೂತಿರುತ್ತದೆ. ಯಾರು ಯಾವ ಕಡೆ ಅಗಿಯುತ್ತಿದ್ದರು, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು ಎಲ್ಲ ಅದರಲ್ಲೇ ಇದೆ. ಇನ್ನೊಂದು ವಿಷಯ, ನನಗೆ ಕೊಳೆ ಆಗುವುದಿಲ್ಲ. ಅಚ್ಚು ಕೈಗೆ ಬಂದ ಕೂಡಲೇ ಬ್ರಶ್ ಹಾಕಿ ತಿಕ್ಕಿ ತೊಳೆದು ಬೆಳ್ಳಗೆ ಮಾಡಿದ ಮೇಲೇ ಕೆಲಸ ಶುರು. ಬೇರೆ ಕಡೆಯವರ ಬೆಂಚು ನೋಡಿದರೆ ನನಗೆ ಊಟ ಸೇರುವುದಿಲ್ಲ.

ಕವರಿನಲ್ಲಿದ್ದದ್ದು ಇಷ್ಟು. ಹನ್ನೊಂದು ವಾರದ ಹಿಂದೆ ನಾನು ಕಟ್ಟಿದ ಒಂದು ಸೆಟ್ಟಿನಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಎರಡೂವರೆ ಮಿಲಿಮೀಟರ್ ಸಂದು ಬಿಟ್ಟಿದ್ದೇನೆ. ಇದರಿಂದ ರೋಗಿಗೆ ದೈಹಿಕ ಹಾಗೂ ಮಾನಸಿಕ ತೊಂದರೆಯಾಗಿದೆ. ರೋಗಿ ದಿನದಿಂದ ದಿನಕ್ಕೆ ಸೊರಗುತ್ತಿದ್ದಾರೆ. ಆದ್ದರಿಂದ ನನ್ನ ಮೇಲೆ ಕ್ರಮ ಕೈಗೊಳ್ಳಬೇಕು. ಕೆಳಗೆ ಸಹಿ ರೋಗಿಯದಲ್ಲ, ಮಗಳದು. ಗುರುವಾರ ಮಧ್ಯಾಹ್ನ ಮೂರಕ್ಕೆ ದೂರು ಸಮಿತಿಯ ಮುಂದೆ ಹಾಜರಾಗತಕ್ಕದ್ದು. ತಪ್ಪು ಸಾಬೀತಾದರೆ ನೋಂದಣಿ ಪುಸ್ತಕದಿಂದ ನನ್ನ ಹೆಸರು ಹೊಡೆದುಹಾಕಬಹುದು. ಆ ಪುಸ್ತಕದಲ್ಲಿ ಹೆಸರಿಲ್ಲದವರು ಒಂದು ಅಚ್ಚನ್ನೂ ಮುಟ್ಟುವ ಹಾಗಿಲ್ಲ. ನನ್ನ ಈ ಕೈಗಳಿಗೆ ಬೇರೆ ಕೆಲಸ ಬರದು. ಅಡುಗೆ ಕೂಡ ನೆಟ್ಟಗೆ ಬರುವುದಿಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ.

ಆ ಸಂದು ನಾನು ಬೇಕೆಂತಲೇ ಬಿಟ್ಟದ್ದು. ಅಚ್ಚಿನ ಜೊತೆ ಡಾಕ್ಟರು ಆ ರೋಗಿಯ ಹಳೇ ಫೋಟೋ ಒಂದನ್ನು ಕಳಿಸಿದ್ದರು, ಹಲ್ಲಿನ ಅಗಲ ಗೊತ್ತಾಗಲಿ ಅಂತ. ಮೈಕಿನ ಮುಂದೆ ಕೂತ ಮೂವತ್ತರ ಹೆಂಗಸು, ಬಾಯ್ತುಂಬ ನಗು, ಮುಂದಿನ ಹಲ್ಲುಗಳ ನಡುವೆ ಸಂದು. ಆ ನಗು ನನಗೆ ಇಷ್ಟವಾಯಿತು. ಇದ್ದದ್ದನ್ನು ಇದ್ದ ಹಾಗೆ ಕಟ್ಟಿದೆ. ಅದು ತಪ್ಪು ಅನ್ನುವವರ ಜೊತೆ ಜಗಳಕ್ಕೆ ನಾನು ಸಿದ್ಧಳಾಗಿದ್ದೆ.

ಗುರುವಾರ ಅಚ್ಚನ್ನು ಒಂದು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು, ಫೋಟೋ ಕೈಯಲ್ಲಿ ಹಿಡಿದು, ನಾಲ್ಕನೇ ಮಹಡಿಗೆ ಹೋದೆ. ಉದ್ದನೆಯ ಮೇಜು, ಆರು ಕುರ್ಚಿ, ಗೋಡೆಗೆ ಒಂದು ಗಾಜಿನ ಕಪಾಟು. ನಡುವೆ ಕೂತವರು ಸಮಿತಿಯ ಅಧ್ಯಕ್ಷರು, ನಿವೃತ್ತ ಜಡ್ಜು. ಅವರ ಬಲಕ್ಕೆ ವಕೀಲಮ್ಮ, ಸಮಿತಿಯ ಎರಡನೇ ಸದಸ್ಯರು. ತುದಿಯಲ್ಲಿ ಲ್ಯಾಪ್‌ಟಾಪು ಹಿಡಿದ ನಮ್ಮ ಗುಮಾಸ್ತರು. ಎದುರುಗಡೆ ದೂರು ಕೊಟ್ಟ ಮಗಳು, ಪಕ್ಕದಲ್ಲಿ ಅವಳ ತಾಯಿ.

ಮಗಳು ಟೈಲ್ಸ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ಮಾಡುವವಳು. ಅದು ಯಾರೂ ಹೇಳುವ ಮೊದಲೇ ತಿಳಿಯುವ ಹಾಗಿತ್ತು. ಬಂದು ಕೂತವಳೇ ಮೇಜಿನ ಹಲಗೆಗಳ ಸಂದಿಯ ಮೇಲೆ ಬೆರಳಾಡಿಸಿ ಮುಖ ಸಿಂಡರಿಸಿದಳು. ಜೀವನವಿಡೀ ಸಂದು ಹುಡುಕಿ ಹುಡುಕಿ ವಾಪಸು ಕಳಿಸಿದವಳ ತಾಯಿಯ ಬಾಯಿಗೇ ನಾನು ಸಂದು ಇಟ್ಟಿದ್ದೆ. ಹಣೆಬರಹ ಅಂದರೆ ಇದೇ.

ತಾಯಿಗೆ ಎಪ್ಪತ್ತೆರಡಿರಬಹುದು. ಇಸ್ತ್ರಿ ಮಾಡಿದ ಸೀರೆ, ತೆಳ್ಳಗಿನ ಮೈ, ಮಡಿಲಲ್ಲೊಂದು ದಪ್ಪ ಕೈಚೀಲ. ಅಧ್ಯಕ್ಷರು ಕೇಳಿದ್ದಕ್ಕೆ, "ಮೂವತ್ತೊಂದು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡ್ತಿದ್ದೆ" ಅಂದರು. ಅಷ್ಟು ಹೇಳಿದ್ದೇ ತಡ, ಅಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಅಯ್ಯೋ, ಆ ದನಿ ನಿಮ್ಮದಾ? ನನ್ನ ಕೆಲಸದ ಮೊದಲ ಹತ್ತು ವರ್ಷ ಪೂರ್ತಿ ನಿಮ್ಮ ಮಾತು ಕೇಳೇ ನಾನು ತಡವಾಗಿ ಕೋರ್ಟಿಗೆ ಹೋಗಿದ್ದು!"

"ಅದಕ್ಕೆ ಆಗಲೇ ವಿಷಾದಿಸಿದ್ದೀವಲ್ಲ ಸಾರ್, ದಿನಾ ಎರಡೆರಡು ಸಲ" ಅಂದರು ಅವರು.

ಗುಮಾಸ್ತರು ನಕ್ಕರು. ನಾನೂ ನಕ್ಕೆ. ದನಿ ಅಂದರೆ ದನಿ! ಒಂದೊಂದು ಅಕ್ಷರವೂ ತೊಳೆದು ಒರೆಸಿ ಇಟ್ಟ ಲೋಟದ ಹಾಗೆ. ನಾನು ಕಟ್ಟಿದ ಹಲ್ಲುಗಳ ಮಧ್ಯದಿಂದ ಅದು ಬರುತ್ತಿದೆ ಎಂದು ನನ್ನ ತಲೆ ಒಂದು ಗೇಣು ಮೇಲಕ್ಕೆ ಹೋಯಿತು. ಆ ಕ್ಷಣದಿಂದ ಮನಸ್ಸಿನಲ್ಲಿ ಅವರು ನನಗೆ ಸ್ಟೇಷನ್ ಅಮ್ಮ.

ಮಗಳು ಎದ್ದು ನಿಂತು ದೂರು ಓದಿದಳು. ಸಂದಿನ ಅಳತೆಯನ್ನು ಎರಡು ಸಲ ಓದಿದಳು. ಅಧ್ಯಕ್ಷರು ತಾಯಿಯ ಕಡೆ ತಿರುಗಿದರು.

"ಅಮ್ಮ, ನೀವು ಹೇಳಿ. ಈ ಹಲ್ಲಿಂದ ನಿಮಗೇನು ತೊಂದರೆ?"

"ಏನೂ ಇಲ್ಲ."

"ನೋವು?"

"ಇಲ್ಲ."

"ನಾಚಿಕೆ, ಸಂಕೋಚ, ಹಾಗೇನಾದ್ರೂ?"

"ಈ ವಯಸ್ಸಲ್ಲಾ? ಹುಟ್ಟಿದಾಗಿನಿಂದ ಈ ಸಂದು ಇತ್ತು ಸಾರ್. ಇದೇ ಸಂದು ನೋಡಿಯೇ ಇವಳಪ್ಪ ನನ್ನ ಮದುವೆಯಾಗಿದ್ದು. ಇವಳಿಗೆ ಮಾತ್ರ ಇದು ಡಿಫೆಕ್ಟು."

"ಅಮ್ಮಾ!" ಅಂದಳು ಮಗಳು.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಮುಗೀತಲ್ಲ. ಪೆಟ್ಟು ತಿಂದೋರೇ ಪೆಟ್ಟಾಗಿಲ್ಲ ಅಂದ್ಮೇಲೆ ಹೊಡೆದೋರನ್ನ ಹಿಡ್ಕೊಂಡು ಏನ್ಮಾಡೋದು?"

"ಮುಗೀಲಿಲ್ಲ ಸಾರ್." ವಕೀಲಮ್ಮ ಕನ್ನಡಕ ಸರಿಮಾಡಿಕೊಂಡರು. "ಇದು ಇವರಿಬ್ಬರ ಮನೆ ಜಗಳ ಅಲ್ಲ. ನಾಳೆ ಇದೇ ಕೈ ಇನ್ನೊಬ್ಬರ ಬಾಯಿಗೆ ಸೆಟ್ಟು ಕಟ್ಟುತ್ತೆ. ಇವರು ಸಂಕೋಚಕ್ಕೋ ದಾಕ್ಷಿಣ್ಯಕ್ಕೋ ಇಲ್ಲ ಅಂದ್ಬಿಡಬಹುದು. ನಾಳೆ ಬರೋ ಬಾಯಿ ಪರವಾಗಿ ಕೇಳೋರು ಯಾರು? ತೊಂದರೆ ಆಗಿದೆಯೋ ಇಲ್ಲವೋ ನಾವು ನೋಡ್ಬೇಕು. ಅವರು ಒಪ್ಪಿದ್ರೂ ಸರಿ, ಬಿಟ್ರೂ ಸರಿ."

"ಒಳ್ಳೇ ಕಥೆ" ಅಂದರು ಅಧ್ಯಕ್ಷರು. "ಆಯಮ್ಮನ ಬಾಯೊಳಗಿನ ನೋವು ಆಯಮ್ಮನಿಗೆ ಗೊತ್ತಿಲ್ಲ, ನಮಗೆ ಗೊತ್ತಾ?"

ವಕೀಲಮ್ಮ ಮೇಜಿನ ಮೇಲಿದ್ದ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಚಹಾಕ್ಕೆ ಅಂತ ಇಟ್ಟಿದ್ದ ಬಿಸ್ಕತ್ತು. "ತಿನ್ನಿ ಅಮ್ಮ. ನಾವು ನೋಡ್ತೀವಿ."

ಇಡೀ ಸಮಿತಿ ಒಬ್ಬ ಹೆಂಗಸು ಬಿಸ್ಕತ್ತು ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡಿತು. ಗುಮಾಸ್ತರು ಅದನ್ನೂ ಟೈಪು ಮಾಡಿಕೊಂಡರು. ಸ್ಟೇಷನ್ ಅಮ್ಮ ಕರುಕ್ಕೆಂದು ಕಚ್ಚಿದರು, ಬಾಯಿ ಮುಚ್ಚಿ ನಿಧಾನಕ್ಕೆ ಆಡಿಸಿದರು, ನುಂಗಿದರು, "ಇನ್ನೊಂದು ಕೊಡ್ತೀರಾ?" ಅಂದರು.

ಅಧ್ಯಕ್ಷರು ಚಪ್ಪಾಳೆ ತಟ್ಟುವುದೊಂದು ಬಾಕಿ.

ನಾನು ಮಾತ್ರ ಅವರ ದವಡೆಯನ್ನೇ ನೋಡುತ್ತಿದ್ದೆ. ಬಿಸ್ಕತ್ತು ಅಗಿದದ್ದಲ್ಲ ಅದು. ಮುಂದಿನ ಹಲ್ಲಿನಲ್ಲಿ ಮುರಿದು, ಬಲಗೆನ್ನೆಯಲ್ಲಿ ಇಟ್ಟುಕೊಂಡು, ನೆನೆಸಿ ನುಂಗಿದ್ದು. ಎಡಗಡೆ ದವಡೆ ಅಲುಗಲೇ ಇಲ್ಲ. ಎಡಗೆನ್ನೆ ಕೂಡ ಕೆಳಗೆ ಒಂದಿಷ್ಟು ಉಬ್ಬಿತ್ತು. ಅಲ್ಲಿ ಹತ್ತಿ ಸಿಕ್ಕಿಸಿಕೊಂಡಿದ್ದಾರೆ. ಇಪ್ಪತ್ತೆರಡು ವರ್ಷ ದವಡೆ ನೋಡಿದ ಕಣ್ಣಿಗೆ ಇದು ಕಾಣದೆ ಇರುತ್ತದೆಯೇ?

ತೊಡೆಯ ಮೇಲಿದ್ದ ಡಬ್ಬಿಯನ್ನು ಮೆಲ್ಲಗೆ ತೆರೆದು ಕೆಳದವಡೆಯ ಅಚ್ಚನ್ನು ಬೆಳಕಿಗೆ ಹಿಡಿದೆ. ಬೆಳ್ಳಗೆ, ಚೊಕ್ಕ. ಆದರೆ ಎಡಬದಿಯ ಏಣಿನ ಮೇಲೆ, ಬ್ರಶ್ಶು ಎಟುಕದ ಒಂದು ಸಣ್ಣ ಕುಳಿಯಲ್ಲಿ, ತಿಳಿ ನೇರಳೆ ಬಣ್ಣದ ಒಂದು ಚುಕ್ಕೆ. ಡಾಕ್ಟರರ ಪೆನ್ಸಿಲ್ಲಿನ ಬಣ್ಣ. ಒಸಡಿನ ಕೆಳಗೆ ಮೂಳೆ ಉಬ್ಬಿದ್ದರೆ ಅವರು ಆ ಜಾಗಕ್ಕೆ ನೇರಳೆ ಸುತ್ತು ಹಾಕಿ ಕಳಿಸುತ್ತಾರೆ, ಇಲ್ಲಿ ಒತ್ತದ ಹಾಗೆ ಒಳಗಡೆ ಜಾಗ ಬಿಡು ಅಂತ. ಅವರು ಸುತ್ತು ಹಾಕಿದ್ದರು. ನಾನು ಕೊಳೆ ಅಂತ ತಿಕ್ಕಿ ತೊಳೆದಿದ್ದೆ.

ಇನ್ಯಾರಾದರೂ ಕೊಳಕು ಬೆಂಚಿನವರು ಕಟ್ಟಿದ್ದರೆ ಆಯಮ್ಮ ನೆಮ್ಮದಿಯಾಗಿ ಊಟ ಮಾಡುತ್ತಿದ್ದರು. ನನ್ನ ಕೈಯ ಚೊಕ್ಕತನಕ್ಕೆ ಬೆಂಕಿ ಬೀಳ!

"ಹಾಗಾದರೆ" ಅಂದರು ಅಧ್ಯಕ್ಷರು, "ರೋಗಿಯ ಹೇಳಿಕೆ ಮತ್ತು ಬಿಸ್ಕತ್ತಿನ ಆಧಾರದ ಮೇಲೆ ದೂರನ್ನು..."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ. ವಾಕ್ಯ ಮುಗಿಯಲು ಇನ್ನು ಎರಡು ಪದ ಬಾಕಿಯಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಆದರೆ ಆ ದವಡೆ ನೋಡಿ ನನ್ನ ಕೈಯಲ್ಲಿ ಕೂರಲು ಆಗಲಿಲ್ಲ.

"ನೋವಾಗ್ತಿದೆ ಸಾರ್" ಅಂದೆ.

"ಯಾರಿಗೆ? ನಿಮಗಾ?"

"ಅವರಿಗೆ. ಕೆಳಗಡೆ, ಎಡಕ್ಕೆ. ತಪ್ಪು ನಂದೇ. ಸಂದು ಸರಿಯಾಗಿದೆ. ಆದ್ರೆ ಡಾಕ್ಟರು ಹಾಕಿದ ಗುರುತು ನಾನು ಅಳಿಸ್ಬಿಟ್ಟಿದೀನಿ."

ಸಮಿತಿ ನನ್ನನ್ನೇ ನೋಡಿತು. ವಕೀಲಮ್ಮ ಕಾಗದ ತಿರುಗಿಸಿ ನೋಡಿದರು. "ಒಂದ್ನಿಮಿಷ. ನೀವು ಆರೋಪಿ ಅಲ್ವಾ?"

"ಹೌದು."

"ಮತ್ತೆ ನೀವ್ಯಾಕೆ ನಮ್ಮ ಕೆಲಸ ಮಾಡ್ತಿದೀರ?"

ಸ್ಟೇಷನ್ ಅಮ್ಮ ಎದ್ದೇಬಿಟ್ಟರು. "ನನ್ನ ಬಾಯಿ, ನನ್ನ ಒಸಡು! ನೋವಿದೆಯೋ ಇಲ್ವೋ ಹೇಳೋಕೆ ನೆಲಮಾಳಿಗೆಯಿಂದ ಇವಳು ಬರಬೇಕಾ? ನಾನು ಇಲ್ಲ ಅಂದ್ಮೇಲೆ ಇಲ್ಲ. ನಿನ್ನ ಪರ ಮಾತಾಡ್ತಿದೀನಿ ಕಣಮ್ಮ, ಸುಮ್ನೆ ಕೂತ್ಕೋಬಾರ್ದಾ?"

"ಬಾಯಿ ತೆರೀರಿ, ತೋರಿಸ್ತೀನಿ" ಅಂದೆ.

"ತೆರೆಯಲ್ಲ."

"ತೆರೀರಿ ಅಂದ್ರೆ."

"ತೆರೆಯಲ್ಲ ಅಂದ್ರೆ ತೆರೆಯಲ್ಲ!"

ಅಧ್ಯಕ್ಷರು ಹಣೆ ಹಿಡಿದುಕೊಂಡರು. ನಲವತ್ತು ವರ್ಷ ನ್ಯಾಯ ಹೇಳಿದವರಿಗೂ ಇದು ಹೊಸದು, ಆರೋಪಿ ತಪ್ಪಾಗಿದೆ ಅನ್ನುತ್ತಾಳೆ, ನೊಂದವರು ಆಗಿಲ್ಲ ಅಂತ ಜಗಳಕ್ಕೆ ನಿಂತಿದ್ದಾರೆ. "ಹದಿನೈದು ನಿಮಿಷ ಚಹಾ" ಅಂದರು. ವಕೀಲಮ್ಮ ನಿಯಮದ ಪುಸ್ತಕ ತೆರೆದು, "ಆರೋಪಿ ಒಪ್ಪಿದಾರೆ ಅಂದ್ರೆ ಚಹಾ ಆದ ಕೂಡಲೇ ಸೆಟ್ಟನ್ನ ವಶಕ್ಕೆ ತಗೋಬೇಕು ಸಾರ್, ಕೊನೇ ತೀರ್ಮಾನದವರೆಗೆ" ಅಂದರು. ಎಲ್ಲರೂ ಗಾಜಿನ ಕಪಾಟಿನ ಕಡೆ ನೋಡಿದರು. ಅದರಲ್ಲಿ ಈಗಾಗಲೇ ಒಂದು ಸೆಟ್ಟು ಚೀಟಿ ಕಟ್ಟಿಸಿಕೊಂಡು ಹಲ್ಲು ಕಿರಿಯುತ್ತಿತ್ತು. ಮೂರು ವರ್ಷದ ಹಿಂದಿನ ಕೇಸು. ಅದರ ಯಜಮಾನರು ಬೇರೆ ಕಡೆ ಹಲ್ಲು ಕಟ್ಟಿಸಿಕೊಂಡು, ಅದೂ ಸವೆದು, ಈಗ ಮೂರನೆಯದರಲ್ಲಿ ಇದ್ದಾರಂತೆ. ವಿಚಾರಣೆ ಇನ್ನೂ ನಡೆಯುತ್ತಿದೆ.

ಸ್ಟೇಷನ್ ಅಮ್ಮ ಕೈಚೀಲ ಎದೆಗವಚಿಕೊಂಡು ಹೊರಗೆ ಹೋದರು. ಮಗಳು ವಕೀಲಮ್ಮನಿಗೆ ಅಳತೆಯ ಫೋಟೋಗಳನ್ನು ತೋರಿಸುತ್ತಿದ್ದಳು. ನಾನು ಹಿಂದೆಯೇ ಹೋದೆ.

ಅವರು ಕೈತೊಳೆಯುವ ಜಾಗದಲ್ಲಿ ನಿಂತು ನಲ್ಲಿ ಬಿಟ್ಟಿದ್ದರು. ಕೆಳಗಿನ ಸೆಟ್ಟು ಕೈಯಲ್ಲಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿ ಬಾಯಿ ಮುಚ್ಚಿಕೊಳ್ಳಲು ಹೋದರು, ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಎಡ ಒಸಡಿನ ಮೇಲೆ ಕಡಲೆಕಾಳಿನಷ್ಟು ಹುಣ್ಣು, ಸುತ್ತ ಕೆಂಪು. ಇಷ್ಟು ವರ್ಷ ಕಟ್ಟಿದ ಸೆಟ್ಟುಗಳಲ್ಲಿ ಇಂಥದ್ದು ಇನ್ನೆಷ್ಟು ಇದ್ದವೋ, ನಾನು ಮೆಟ್ಟಿಲು ಹತ್ತಿ ನೋಡಿದವಳೇ ಅಲ್ಲ.

"ಹನ್ನೊಂದು ವಾರ ಇದನ್ನಿಟ್ಕೊಂಡು ಓಡಾಡಿದ್ರಾ? ಒಂದು ಸಲ ಬಂದಿದ್ರೆ ಹತ್ತು ನಿಮಿಷದ ಕೆಲಸ!"

"ಬಂದಿದ್ರೆ ಬಿಚ್ಚಿ ಹೊಸದು ಕಟ್ತೀನಿ ಅಂತಿದ್ದೆ" ಅಂದರು ಅವರು. ಸೆಟ್ಟಿಲ್ಲದೆ ದನಿ ಚಪ್ಪಟೆಯಾಗಿತ್ತು. "ಮುಂಚೆ ಬೇರೆ ಕಡೆ ಒಂದು ಸೆಟ್ಟು ಕಟ್ಟಿಸಿಕೊಟ್ಟಿದ್ಲು ನನ್ನ ಮಗಳು. ಮುತ್ತು ಪೋಣಿಸಿದ ಹಾಗಿತ್ತು, ಒಂದು ಸಂದಿಲ್ಲ. ಬಾಯಿ ಬಿಟ್ರೆ ಬರೀ ಶಿಳ್ಳೆ. ಊರಲ್ಲಿ ನನ್ನ ಅಕ್ಕ ಇದಾಳೆ, ಎಂಬತ್ತು. ಕಣ್ಣು ಪೂರ್ತಿ ಹೋಗಿದೆ. ದಿನಾ ನಾಲ್ಕು ಗಂಟೆಗೆ ಫೋನಲ್ಲಿ ಅವಳಿಗೆ ಕಾದಂಬರಿ ಓದ್ತೀನಿ. ಆ ಸೆಟ್ಟು ಹಾಕ್ಕೊಂಡು ಮೊದಲನೇ ದಿನ ಫೋನ್ ಮಾಡಿದೆ. 'ಯಾರಮ್ಮ ನೀವು, ರಾಂಗ್ ನಂಬರ್' ಅಂತ ಇಟ್ಬಿಟ್ಲು."

ನಾನು ಹತ್ತಿರ ಹೋಗಿ ಅವರ ಕೈಯಲ್ಲಿದ್ದ ಸೆಟ್ಟನ್ನು ಬಾಗಿ ನೋಡಿದೆ.

"ಮತ್ತೆ ಮಾಡಿದೆ. ನಾನೇ ಅಂದೆ. 'ನನ್ನ ತಂಗಿ ದನಿ ನನಗೆ ಗೊತ್ತಿಲ್ವಾ' ಅಂತ ಬೈದ್ಲು. ನಾಲ್ಕು ತಿಂಗಳು ಓದೋದು ನಿಂತೋಯ್ತು. ಆಮೇಲೆ ನೀನು ಇದು ಕಟ್ಟಿದೆ. ಹಾಕ್ಕೊಂಡು 'ಅಕ್ಕಾ' ಅಂದೆ. ಆ ಕಡೆಯಿಂದ ಅಳೋದು ಕೇಳಿಸ್ತು." ನಲ್ಲಿ ನಿಲ್ಲಿಸಿದರು. "ಈಗ ಕಪಾಟಲ್ಲಿ ಇಡ್ತಾರಂತೆ. ಮೂರು ವರ್ಷ! ಅವಳಿಗೆ ಎಂಬತ್ತು ಕಣಮ್ಮ. ಒಂದು ಹುಣ್ಣಿಗೆ ಹೆದರಿಕೊಂಡು ನಾನು ಹೌದು ಅನ್ನಲಾ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ. "ಕೊಡಿ ಇಲ್ಲಿ" ಅಂದೆ.

"ಯಾಕೆ?"

"ಕೊಡಿ ಅಂದ್ನಲ್ಲ. ಬನ್ನಿ ನನ್ನ ಜೊತೆ."

ಲಿಫ್ಟಿನಲ್ಲಿ ಇಳಿದು ನೆಲಮಾಳಿಗೆಗೆ ಬಂದೆವು. ರೋಗಿಯೊಬ್ಬರು ನನ್ನ ಸ್ಟೂಲಿನ ಮೇಲೆ ಕೂತದ್ದು ಅದೇ ಮೊದಲು. ಅವರು ಕಪಾಟುಗಳಲ್ಲಿ ಸಾಲಾಗಿ ಕೂತ ಅಚ್ಚುಗಳನ್ನು ನೋಡಿ, "ಇವರೆಲ್ಲ ಯಾವ ಗಾಡಿಗೆ ಕಾಯ್ತಿದಾರೆ?" ಅಂದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ, ಆದರೂ ನಗು ಬಂತು. ಉಜ್ಜುವ ಮೆಷೀನು ಹಾಕಿ, ಕೆಳಗಿನ ಸೆಟ್ಟಿನ ಒಳಬದಿಯಲ್ಲಿ ಮೂಳೆ ಒತ್ತುವ ಜಾಗವನ್ನು ಒಂದಿಷ್ಟೊಂದಿಷ್ಟಾಗಿ ಸವೆಸಿದೆ. ಬಾಯಿಗಿಟ್ಟು ನೋಡಿದೆವು, ತೆಗೆದೆ, ಮತ್ತೆ ಸವೆಸಿದೆ, ಪಾಲಿಷ್ ಹಾಕಿದೆ. ಮೇಲಿನ ಸೆಟ್ಟಿನ ತಂಟೆಗೇ ಹೋಗಲಿಲ್ಲ. ಅವರು ಎಡಗಡೆ ಮೆಲ್ಲಗೆ ಕಚ್ಚಿದರು, ಇನ್ನೂ ಗಟ್ಟಿಯಾಗಿ ಕಚ್ಚಿದರು, ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. ಹತ್ತಿಯ ಉಂಡೆಯನ್ನು ನನ್ನ ಕಸದ ಬುಟ್ಟಿಗೆ ಎಸೆದರು.

"ನಿನಗೇನೂ ಆಗಲ್ವಾ ಇದರಿಂದ?" ಅಂದರು ಲಿಫ್ಟಿನಲ್ಲಿ.

"ನೋಡೋಣ" ಅಂದೆ.

ಮೇಲೆ ಎಲ್ಲರೂ ಕೂತು ಕಾಯುತ್ತಿದ್ದರು. ವಕೀಲಮ್ಮ ಒಂದು ಬಿಳಿ ಬಟ್ಟೆ ಹಾಸಿ, "ಸೆಟ್ಟು ಇಡಿ ಅಮ್ಮ" ಅಂದರು. ಸ್ಟೇಷನ್ ಅಮ್ಮ ಬೇರೆ ದಾರಿಯಿಲ್ಲದೆ ಕೆಳಗಿನದನ್ನು ತೆಗೆದಿಟ್ಟರು. ವಕೀಲಮ್ಮ ಅದನ್ನು ಬಟ್ಟೆಯ ಸಮೇತ ಎತ್ತಿ ಕಿಟಕಿಗೆ ಹಿಡಿದರು. ಕಣ್ಣು ಚುರುಕು, ಅದನ್ನು ಒಪ್ಪಬೇಕು.

"ಇದು ಈಗ ತಾನೇ ಉಜ್ಜಿರೋದು. ಈ ಜಾಗದ ಹೊಳಪೇ ಬೇರೆ. ಯಾರು ಮಾಡಿದ್ದು?"

"ನಾನು" ಅಂದೆ.

"ಸಾಕ್ಷಿ ನಾಶ!" ಅಂದರು ಅವರು. ಗುಮಾಸ್ತರ ಬೆರಳುಗಳು ಓಡಿದವು.

"ನಾಶ ಅಲ್ಲ ಮೇಡಂ, ರಿಪೇರಿ."

ಅಧ್ಯಕ್ಷರು ಸೆಟ್ಟನ್ನು ತಿರುಗಿಸಿ ನೋಡಿದರು, ನನ್ನನ್ನು ನೋಡಿದರು, ಸ್ಟೇಷನ್ ಅಮ್ಮನನ್ನು ನೋಡಿದರು. "ಏನಮ್ಮ ಇದು? ತಪ್ಪಿದ್ದದ್ದು ಇದರಲ್ಲಿ. ಈಗ ಅದೂ ಇಲ್ಲ. ನೊಂದೋರು ನೊಂದಿಲ್ಲ ಅಂತಾರೆ. ಉಳಿದಿರೋದು ನಿಮ್ಮ ಮಾತೊಂದೇ. ಬರೀ ನಿಮ್ಮ ಮಾತು ನಂಬಿ ನಿಮಗೇ ಶಿಕ್ಷೆ ಕೊಡ್ಲಾ?"

"ಅದನ್ನೇ ನಾನು ಆಗಿನಿಂದ ಹೇಳ್ತಿರೋದು ಸಾರ್." ಸ್ಟೇಷನ್ ಅಮ್ಮ ಮೆಲ್ಲಗೆ ಕೈ ಚಾಚಿ ಸೆಟ್ಟು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಯಾರೂ ತಡೆಯಲಿಲ್ಲ. ದನಿ ಮತ್ತೆ ಲಕಲಕ ಅಂದಿತು. "ನನಗೇನೂ ಆಗಿಲ್ಲ, ಇವಳದ್ದೇನೂ ತಪ್ಪಿಲ್ಲ. ಮುಚ್ಚಿ ಕೇಸು." ಈಗ ಅವರು ಸುಳ್ಳು ಹೇಳುತ್ತಿದ್ದದ್ದು ನನಗಾಗಿ. ನನ್ನ ಕಡೆ ಕಣ್ಣು ಬೇರೆ ಹೊಡೆದರು.

"ಅಮ್ಮಾ" ಅಂದಳು ಮಗಳು. "ನೀನು ಎಂಟು ಕೆಜಿ ಇಳಿದಿದೀಯ. ಹಾಲು ಬ್ರೆಡ್ಡು ಬಿಟ್ರೆ ಏನೂ ತಿಂತಿಲ್ಲ. ನನಗೆ ಕಾಣಿಸಿದ್ದು ಆ ಸಂದು ಒಂದೇ. ಇನ್ನೇನಿದೆ ಅಂತ ನೀನು ಹೇಳಿದ್ರೆ ತಾನೇ ಗೊತ್ತಾಗೋದು?"

"ಏನೂ ಇಲ್ಲ ಮಗಾ."

ಅಷ್ಟು ಹೊತ್ತು ನನಗೆ ಅವಳ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು. ಅಳತೆ ಹಿಡಿದದ್ದು ತಪ್ಪು ಜಾಗದಲ್ಲಿ. ಹುಡುಕಿದ್ದು ತಾಯಿಯ ನೋವನ್ನೇ.

ಅಧ್ಯಕ್ಷರು ಪೆನ್ನು ಎತ್ತಿಕೊಂಡರು. ವಕೀಲಮ್ಮ ಕೈಚೆಲ್ಲಿದರು. ಅಷ್ಟರಲ್ಲಿ ಕೈಚೀಲದೊಳಗೆ ಫೋನು ಹೊಡೆದುಕೊಂಡಿತು.

ನಾಲ್ಕು ಗಂಟೆ ದಾಟಿ ಆರು ನಿಮಿಷವಾಗಿತ್ತು. ಸ್ಟೇಷನ್ ಅಮ್ಮ ಗಾಬರಿಯಿಂದ ಚೀಲ ತಡಕಿ ಫೋನು ತೆಗೆದರು. ಅದು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದಂತೆ, ಎರಡೂ ಕೈಯಲ್ಲಿ ಪುಸ್ತಕ ಹಿಡಿಯಬೇಕಲ್ಲ. ಬೆರಳು ತಾಗಿದ್ದೇ ತಡ, ಇಡೀ ಕೋಣೆಗೆ ಒಂದು ಮುದಿ ದನಿ ಕೇಳಿಸಿತು.

"ಏನೇ, ಇವತ್ತು ನಿನ್ನ ಗಾಡಿನೂ ಲೇಟಾ?"

"ಅಕ್ಕಾ, ಒಂದು ಕೆಲಸದ ಮೇಲೆ ಹೊರಗೆ ಬಂದಿದೀನಿ. ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೀನಿ."

ಆ ಕಡೆ ಸದ್ದಿಲ್ಲ.

"ಅಕ್ಕಾ? ಕೇಳಿಸ್ತಾ?"

"ಇನ್ನೊಂದು ಸಲ ಹೇಳು."

"ಹತ್ತು ನಿಮಿಷ ಬಿಟ್ಟು ನಾನೇ ಮಾಡ್ತೀನಿ ಅಂದೆ."

"ನೋವು ಹೋಯ್ತಾ?" ಅಂದರು ಅಕ್ಕ.

ಸ್ಟೇಷನ್ ಅಮ್ಮ ಫೋನನ್ನೇ ನೋಡುತ್ತ ಕೂತರು. "ಯಾವ ನೋವು?"

"ಯಾವ ನೋವಾ? ಇಷ್ಟು ವಾರದಿಂದ ಓದ್ತಾ ಓದ್ತಾ ಒಂದೊಂದು ಸಾಲು ಮುಗಿದಾಗ್ಲೂ ಉಸಿರು ಹಿಡೀತಿದ್ದೆಯಲ್ಲ, ಆ ನೋವು. ಈಗ ಹಿಡೀಲಿಲ್ಲ. ಕಣ್ಣು ಹೋಗಿದೆ ಕಣೇ, ಕಿವಿ ಹೋಗಿಲ್ಲ."

"ಗೊತ್ತಿತ್ತಾ ನಿನಗೆ? ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಇಲ್ಲ ಅಂತಿದ್ದೆ. ಹೌದು ಅಂದ್ರೆ ಓದ್ಬೇಡ ಅನ್ನಬೇಕಿತ್ತು ನಾನು. ಅದು ಬಾಯಿಗೆ ಬರಲಿಲ್ಲ. ಇಡೀ ದಿನಕ್ಕೆ ನನಗಿರೋದು ಅದೊಂದು ಗಂಟೆ. ನಿನಗೆ ನೋಯ್ತಿದೆ ಅಂತ ಗೊತ್ತಿದ್ದೂ ಓದಿಸ್ಕೊಂಡೆ. ಬಯ್ಯಿ ನನ್ನ."

ಸ್ಟೇಷನ್ ಅಮ್ಮ ಬಯ್ಯಲಿಲ್ಲ. ಎದುರಿಗೆ ಸಮಿತಿಯಿದೆ, ಪಕ್ಕದಲ್ಲಿ ಮಗಳಿದ್ದಾಳೆ, ಗುಮಾಸ್ತರು ಟೈಪು ಮಾಡುತ್ತಿದ್ದಾರೆ ಅನ್ನುವುದು ಅವರಿಗೆ ಮರೆತೇಹೋಗಿತ್ತು.

"ನೋಯ್ತಿತ್ತು ಅಕ್ಕ" ಅಂದರು. "ತುಂಬಾ ನೋಯ್ತಿತ್ತು."

ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಗುಮಾಸ್ತರು ಬೆರಳು ಎತ್ತಿ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ನನ್ನ ಮುಖ ನೋಡಿದರು, ಏನೋ ಅನುಮತಿ ಕೇಳುವವರ ಹಾಗೆ. ನಾನು ತಲೆಯಾಡಿಸಿದೆ.

"ಬರ್ಕೊಳ್ಳಿ" ಅಂದರು ಅವರು.

ಮೂರು ತಿಂಗಳು ಅಮಾನತು, ಆಮೇಲೆ ಒಂದು ವರ್ಷ ಪ್ರತಿ ಸೆಟ್ಟನ್ನೂ ರೋಗಿಯ ಬಾಯಲ್ಲಿ ಖುದ್ದಾಗಿ ನೋಡಿಯೇ ಕಳಿಸತಕ್ಕದ್ದು. ಹೆಸರು ಹೊಡೆಯಲಿಲ್ಲ. ಸೆಟ್ಟನ್ನು ಕಪಾಟಿಗೆ ಹಾಕಲೂ ಇಲ್ಲ. ರೋಗಿಯೇ ಒಪ್ಪಿದ ಮೇಲೆ ಸಾಕ್ಷಿ ಯಾಕೆ ಬೇಕು ಅಂದರು ವಕೀಲಮ್ಮ, ಕನ್ನಡಕ ಒರೆಸಿಕೊಳ್ಳುತ್ತ. ಆದೇಶದ ಕೆಳಗೆ ಸಹಿ ಹಾಕುವಾಗ ನನಗೆ ಅಳು ಬಂತು, ಅದನ್ನು ಯಾಕೆ ಮುಚ್ಚಿಡಲಿ. ಮೂರು ತಿಂಗಳು ಕೆಲಸವಿಲ್ಲದ ಸಂಕಟ ಒಂದು ಕಡೆ, ಎದೆ ಹಗುರಾದದ್ದು ಇನ್ನೊಂದು ಕಡೆ. ಎದುರು ಕುರ್ಚಿಯಲ್ಲಿ ಸ್ಟೇಷನ್ ಅಮ್ಮ ಆಗಲೇ ಕೈಚೀಲದಿಂದ ಪುಸ್ತಕ ತೆಗೆದು ನಿನ್ನೆ ನಿಲ್ಲಿಸಿದ ಸಾಲಿನಿಂದ ಓದಲು ಶುರು ಮಾಡಿದ್ದರು. ಮಗಳು ಫೋನು ಹಿಡಿದು ಕೂತಿದ್ದಳು. ಅಧ್ಯಕ್ಷರು ಎದ್ದು ಹೋಗಿ ಬಾಗಿಲು ಹಾಕಿ ಬಂದು, ಮತ್ತೆ ಕೂತರು.